ಸುಡದ ಇಟ್ಟಿಗೆ



ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಲ್ಲಿ ದಿನವೂ ಕೇಳುವ ಮಾತು 'ಡಿಸೈನ್'. ಡಿಸೈನ್ ಎಂದರೆ ಅಂದವಷ್ಟೇ ಅಲ್ಲ; ವಸ್ತು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಯೋಚಿಸುವುದೂ ಹೌದು.

ಇದಕ್ಕೆ ಉದಾಹರಣೆ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಆರಂಭವಾಯಿತು. ಅದರ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು ಹಳ್ಳಿಯವರ ನಡುವೆಯೇ ಕೆಲಸ ಮಾಡಿದರು. ಸೌದೆ ಉಳಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ಹಿರಿಯರು ಬಲ್ಲಿರಿ. ಅವರೇ ಬೆಳೆಸಿದ ಇನ್ನೊಂದು ವಿದ್ಯೆ, ಒತ್ತಿದ ಮಣ್ಣಿನ ಇಟ್ಟಿಗೆ. ಜರಡಿ ಹಿಡಿದ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರು ಹಾಕಿದರೆ ಸಾಕು. ಗೂಡಿನಲ್ಲಿ ಸುಡಬೇಕಿಲ್ಲ, ಅದಕ್ಕಾಗಿ ಮರ ಕಡಿಯಬೇಕಿಲ್ಲ.

ನಮ್ಮ ಕಡೆ ಹಳೆಯ ಮಣ್ಣಿನ ಮನೆ ಕೆಡವಿದಾಗ ಆ ಮಣ್ಣನ್ನು ಕಸವೆಂದು ಸುರಿಯುತ್ತೇವೆ. ಪರೀಕ್ಷಿಸಿ ನೋಡಿದರೆ ಅದರಿಂದಲೇ ಹೊಸ ಗೋಡೆ ಏಳಬಹುದು. ಎಲ್ಲ ಮಣ್ಣೂ ಹಾಗೆಯೇ ಆಗದು. ಜೇಡಿ ಹೆಚ್ಚಿದ್ದರೆ ಮರಳು ಬೆರೆಸಬೇಕು, ತಳಪಾಯ ಗಟ್ಟಿಯಿರಬೇಕು, ಎರಚಲು ತಡೆಯಲು ಸೂರು ಮುಂದೆ ಚಾಚಿರಬೇಕು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಬಡವನಹಳ್ಳಿಯ ಈ ಶಾಲೆಗೆ ಮುಂದೆ ನಾವು ಏನೇ ಕಟ್ಟಿಸಿಕೊಟ್ಟರೂ, ಒಂದು ಕೊಠಡಿಯನ್ನಾದರೂ ಹೀಗೆ ಕಟ್ಟಿಸೋಣ. ಮಕ್ಕಳು ಮಣ್ಣು ಪರೀಕ್ಷಿಸಲಿ, ನಮ್ಮೂರ ಗಾರೆ ಕೆಲಸದವರು ಕಲಿಯಲಿ. ಮನೆ ಕಟ್ಟಬೇಕೆಂದಿರುವವರು ಬಂದು, ಗೋಡೆ ಮುಟ್ಟಿ ನೋಡಿ, ಖರ್ಚು ಕೇಳಿ, ಆಮೇಲೆ ತೀರ್ಮಾನಿಸಲಿ.