ಕಲ್ಲಿನ ಧೂಳು ಮತ್ತು ಕಾನೂನಿನ ಹೊಣೆ



ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಗಳ ಬಳಿಗೆ ಎರಡು ಬಗೆಯ ಜನ ಬರುತ್ತಾರೆ. ಒಂದು ಬಗೆಯವರು ದೂರದ ನಗರಗಳಿಂದ ಬರುವ ಶಿಲಾರೋಹಿಗಳು. ಅವರು ಸೊಂಟಕ್ಕೆ ಹಗ್ಗ ಬಿಗಿದು, ತಲೆಗೆ ಶಿರಸ್ತ್ರಾಣ ಧರಿಸಿ, ತರಬೇತಿ ಪಡೆದ ಜೊತೆಗಾರನನ್ನು ಕೆಳಗೆ ನಿಲ್ಲಿಸಿ ಬಂಡೆಯನ್ನೇರುತ್ತಾರೆ. ಬಿದ್ದರೆ ಏನಾಗುವುದೆಂದು ಅವರಿಗೆ ಚೆನ್ನಾಗಿ ಗೊತ್ತು. ಬೇಡವೆನಿಸಿದ ದಿನ ಏರದೆ ಮನೆಗೆ ಮರಳಬಹುದು. ಇನ್ನೊಂದು ಬಗೆಯವರು ಅದೇ ಸೀಮೆಯ ಕಲ್ಲನ್ನು ಒಡೆದು, ಕೊರೆದು, ಚಪ್ಪಡಿ ಮಾಡಿ ಕಟ್ಟಡಗಳಿಗೆ ಒದಗಿಸುವ ಕೂಲಿಕಾರರು. ಅಲ್ಲಿಂದ ಪೂರ್ವಕ್ಕೆ ಹುನಗುಂದ, ಇಳಕಲ್‌ಗಳ ಕಡೆಗೆ ಹೋದರೆ ಮರಳುಗಲ್ಲಿನ ಬದಲು ಗ್ರಾನೈಟ್ ಸಿಗುತ್ತದೆ. ಸೀರೆಗೆ ಹೆಸರಾದ ಇಳಕಲ್, ವಿದೇಶಗಳಿಗೆ ಹೋಗುವ ಕೆಂಪು ಗ್ರಾನೈಟಿಗೂ ಅಷ್ಟೇ ಹೆಸರಾಗಿದೆ. ಅಲ್ಲಿಯೂ ಬಂಡೆಯೊಡನೆ ದಿನವಿಡೀ ಸೆಣಸುವವರು ಇದೇ ಕೂಲಿಕಾರರು.

ಇಬ್ಬರೂ ಅಪಾಯವನ್ನು ಎದುರಿಸುತ್ತಾರೆ, ಇಬ್ಬರೂ ವಯಸ್ಕರು, ಇಬ್ಬರನ್ನೂ ಯಾರೂ ಕೈಹಿಡಿದು ಎಳೆದು ತಂದಿಲ್ಲ. ಹಾಗಾದರೆ, ತಮ್ಮ ಅಪಾಯವನ್ನು ತಾವೇ ತಂದುಕೊಳ್ಳುವ ಜನರನ್ನು ರಕ್ಷಿಸಲು ಸರಕಾರವು ಕಾನೂನು ಮಾಡಬೇಕೆ, ಬೇಡವೆ? ಇಂದಿನ ಮಾತಿನ ವಿಷಯ ಇದು. ಈ ಪ್ರಶ್ನೆಗೆ ಉತ್ತರಿಸುವ ಮೊದಲು ಆ ಇಬ್ಬರ ಅಪಾಯವೂ ನಿಜವಾಗಿ ಅವರದೇ ಆಗಿದೆಯೇ ಎಂದು ಪರಿಶೀಲಿಸುವುದು ಅವಶ್ಯ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ ‘ಆನ್ ಲಿಬರ್ಟಿ’ ಎಂಬ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದನು. ಮನುಷ್ಯನನ್ನು ಅವನ ಒಳಿತಿಗಾಗಿಯೇ ಬಲವಂತಪಡಿಸುವ ಅಧಿಕಾರ ಸಮಾಜಕ್ಕಿಲ್ಲ, ಇತರರಿಗೆ ಹಾನಿಯಾಗುವಾಗ ಮಾತ್ರ ತಡೆಯಬಹುದು ಎಂಬುದು ಅವನ ಮತ. ಆದರೆ ಅವನೇ ಒಂದು ಸೇತುವೆಯ ದೃಷ್ಟಾಂತವನ್ನೂ ಕೊಡುತ್ತಾನೆ. ಶಿಥಿಲವಾದ ಸೇತುವೆಯ ಮೇಲೆ ಒಬ್ಬನು ಕಾಲಿಡುತ್ತಿದ್ದಾನೆ, ಎಚ್ಚರಿಸಲು ಸಮಯವಿಲ್ಲ, ಆಗ ಅವನನ್ನು ಹಿಡಿದು ಹಿಂದಕ್ಕೆಳೆದರೆ ಅವನ ಸ್ವಾತಂತ್ರ್ಯಕ್ಕೆ ಭಂಗ ಬರುವುದಿಲ್ಲ, ಏಕೆಂದರೆ ಹೊಳೆಗೆ ಬೀಳುವುದು ಅವನ ಇಚ್ಛೆಯಲ್ಲ. ಈ ದೃಷ್ಟಾಂತಕ್ಕೆ ಕಲ್ಲಿನ ಸೀಮೆಯಲ್ಲಿ ಇನ್ನೂ ಒಂದು ಪ್ರಶ್ನೆಯನ್ನು ಸೇರಿಸಬೇಕಾಗುತ್ತದೆ: ಆ ಸೇತುವೆಯನ್ನು ಕಟ್ಟಿದವರು ಯಾರು, ಮತ್ತು ಅದನ್ನು ದಾಟದಿದ್ದರೆ ಆ ಮನುಷ್ಯನಿಗೆ ಊಟವಿದೆಯೇ?

ಕಲ್ಲಿನ ಧೂಳು ಮಾಡುವ ಹಾನಿಯ ಬಗೆಯನ್ನು ತಿಳಿದರೆ ಈ ಪ್ರಶ್ನೆಯ ತೂಕ ಅರ್ಥವಾಗುತ್ತದೆ. ಗ್ರಾನೈಟಿನಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕ್ವಾರ್ಟ್ಸ್, ಅಂದರೆ ಸ್ಫಟಿಕರೂಪದ ಸಿಲಿಕಾ, ಇರುತ್ತದೆ. ಬಾದಾಮಿಯ ಮರಳುಗಲ್ಲಿನಲ್ಲಿ ಬಹುಪಾಲು ಅದೇ. ಒಣಗಲ್ಲನ್ನು ಯಂತ್ರದಿಂದ ಕೊರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳು ಮೂಗಿನಲ್ಲಿಯೇ ನಿಲ್ಲುತ್ತವೆ, ಕಫದೊಡನೆ ಹೊರಬೀಳುತ್ತವೆ. ಕೊಲ್ಲುವುದು ಕಾಣದ ಕಣ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿದ್ದರೆ, ಶ್ವಾಸಕೋಶದ ತಳಕ್ಕೆ ಇಳಿಯುವ ಈ ಕಣ 5 ಮೈಕ್ರಾನ್‌ಗಿಂತಲೂ ಚಿಕ್ಕದು. ದೇಹದ ರಕ್ಷಕ ಕೋಶಗಳು ಅದನ್ನು ನುಂಗುತ್ತವೆ, ಕರಗಿಸಲಾರದೆ ತಾವೇ ಸಾಯುತ್ತವೆ. ಆ ಜಾಗದಲ್ಲಿ ಗಾಯದ ಕಲೆಯಂತಹ ಗಟ್ಟಿ ಗಂಟು ಬೆಳೆಯುತ್ತದೆ. ಮೃದುವಾಗಿ ಹಿಗ್ಗಬೇಕಾದ ಶ್ವಾಸಕೋಶ ಹೀಗೆ ಬಿಗಿಯಾಗುತ್ತ ಹೋಗುವ ಈ ರೋಗದ ಹೆಸರು ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೆಯೂ ರೋಗ ಮುಂದುವರಿಯಬಲ್ಲದು. ಇಂಥ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟಿಕೊಳ್ಳುತ್ತದೆ. 1997ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕೆಲಸದ ಜಾಗದ ಈ ಸಿಲಿಕಾ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಈ ರೋಗ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದ ಬಳಿಕ ಪ್ರಕಟವಾಗುತ್ತದೆ. ಧೂಳು ವಿಪರೀತವಾದಲ್ಲಿ ಇನ್ನೂ ಬೇಗ. ಇಪ್ಪತ್ತರ ಹರೆಯದ ಯುವಕನು ಯಂತ್ರ ಹಿಡಿಯುವಾಗ ಅವನಿಗೆ ಕೆಮ್ಮಿಲ್ಲ, ಏದುಸಿರಿಲ್ಲ. ನಲವತ್ತರ ವಯಸ್ಸಿನಲ್ಲಿ ಗುಡ್ಡ ಹತ್ತಲಾರದೆ ಕುಳಿತುಬಿಡುವ ಮನುಷ್ಯನ ಪರವಾಗಿ ಅಂದು ಒಪ್ಪಿಗೆ ಕೊಟ್ಟವನು ಆ ಇಪ್ಪತ್ತರ ಯುವಕ. ಅವನಿಗೆ ಯಾರೂ ಎಕ್ಸ್‌ರೇ ಚಿತ್ರ ತೋರಿಸಿರಲಿಲ್ಲ. ಇದನ್ನು ತಿಳಿದು ಕೊಟ್ಟ ಒಪ್ಪಿಗೆಯೆಂದು ಕರೆಯುವುದು ಸರಿಯಲ್ಲ.

“ಮುಖವಾಡ ಕೊಟ್ಟರೆ ಕಾರ್ಮಿಕರೇ ಹಾಕಿಕೊಳ್ಳುವುದಿಲ್ಲ” ಎಂಬ ಮಾತು ಕಲ್ಲಿನ ಕೆಲಸ ನಡೆಯುವ ಕಡೆಗಳಲ್ಲೆಲ್ಲ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಕಾರಣಗಳನ್ನು ನೋಡಬೇಕು. ಇಳಕಲ್ ಸೀಮೆಯ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮುಟ್ಟುತ್ತದೆ. ಕಾದ ಬಂಡೆಯ ಮೇಲೆ ನಿಂತು, ಭಾರವಾದ ಯಂತ್ರವನ್ನು ಅದುಮಿ ಹಿಡಿದವನಿಗೆ ಮುಖವಾಡದೊಳಗೆ ಉಸಿರು ಸಾಲದು. ಕೂಲಿ ದಿನದ ಲೆಕ್ಕಕ್ಕಿಲ್ಲದೆ ಅಡಿಯ ಲೆಕ್ಕಕ್ಕೆ ಇದ್ದಲ್ಲಿ ಕೈ ನಿಧಾನವಾದರೆ ಆದಾಯ ಇಳಿಯುತ್ತದೆ. ಮುಖಕ್ಕೆ ಸುತ್ತಿದ ಟವೆಲ್ಲು ಕಾಣುವ ಧೂಳನ್ನು ತಡೆದು, ಕಾಣದ ಕಣವನ್ನು ಒಳಗೆ ಬಿಡುತ್ತದೆ. ರಕ್ಷಣೆಗಿಂತ ಧೈರ್ಯವನ್ನೇ ಹೆಚ್ಚು ಕೊಡುತ್ತದೆ.

ಧೂಳು ಹುಟ್ಟಿದ ಮೇಲೆ ಮೂಗನ್ನು ಮುಚ್ಚುವುದಕ್ಕಿಂತ ಧೂಳು ಹುಟ್ಟದಂತೆ ಮಾಡುವುದು ಮೇಲು. ಕೊರೆಯುವ ಉಳಿಯ ಬಾಯಿಗೆ ನೀರು ಹರಿಸಿದರೆ ಧೂಳಿನ ಬಹುಭಾಗ ಕೆಸರಾಗಿ ಅಲ್ಲಿಯೇ ನಿಲ್ಲುತ್ತದೆ. ಬಾಗಲಕೋಟೆ ಜಿಲ್ಲೆ ಮಳೆ ಕಡಿಮೆಯಾದ ನಾಡು. ನೀರಿನ ಕೊರತೆ ಅಲ್ಲಿ ನಿಜವಾದ ಕಷ್ಟ. ಆದರೂ ಕೊರೆತಕ್ಕೆ ಬೇಕಾಗುವ ನೀರನ್ನು ಟ್ಯಾಂಕರಿನಲ್ಲಿ ತರಬಹುದು, ಇಲ್ಲವೇ ಧೂಳನ್ನು ಹೀರುವ ಯಂತ್ರವನ್ನು ಜೋಡಿಸಬಹುದು. ಇವೆರಡೂ ಕಾರ್ಮಿಕನ ಕೈಯಲ್ಲಿಲ್ಲ. ಹಣ ಹೂಡಿದವನು ಮಾತ್ರ ಮಾಡಬಲ್ಲ ಕೆಲಸ ಇದು. ಅದನ್ನು ಮಾಡದೆ ಮುಖವಾಡವನ್ನು ಮುಂದಿಡುವುದೆಂದರೆ ಮಾಲೀಕನ ಖರ್ಚನ್ನು ಕಾರ್ಮಿಕನ ಉಸಿರಿನ ಮೇಲೆ ಹೊರಿಸಿದಂತೆ.

ಇತರ ದೇಶಗಳ ಕಾನೂನುಗಳು ಈ ಪಾಠವನ್ನು ತಡವಾಗಿಯಾದರೂ ಕಲಿತವು. ಎರಕದ ವಸ್ತುಗಳನ್ನು ಮರಳು ಚಿಮ್ಮಿಸಿ ಶುಚಿಗೊಳಿಸುವ ಪದ್ಧತಿಯನ್ನು ಬ್ರಿಟನ್ 1949ರ ನಿಯಮಗಳ ಮೂಲಕ ನಿಷೇಧಿಸಿತು. ಉದ್ಯಮ ನಿಲ್ಲಲಿಲ್ಲ, ಮರಳಿನ ಜಾಗಕ್ಕೆ ಬೇರೆ ವಸ್ತು ಬಂತು. ಅಡುಗೆಮನೆಯ ಕಟ್ಟೆಗಳಿಗೆ ಬಳಸುವ ಕೃತಕ ಕಲ್ಲನ್ನು ಕತ್ತರಿಸುತ್ತಿದ್ದ ಯುವಕರಲ್ಲಿ ಸಿಲಿಕೋಸಿಸ್ ಕಾಣಿಸಿಕೊಂಡಾಗ ಆಸ್ಟ್ರೇಲಿಯವು 2024ರ ಜುಲೈ 1ರಿಂದ ಆ ಕಲ್ಲಿನ ಬಳಕೆಯನ್ನೇ ನಿಷೇಧಿಸಿತು. ಎರಡೂ ಕಡೆ ಕಾನೂನು ಕೈಹಾಕಿದ್ದು ಅಪಾಯದ ಮೂಲಕ್ಕೆ.

ಭಾರತದಲ್ಲಿ ಕಾನೂನುಗಳಿಗೆ ಬರಗಾಲವಿರಲಿಲ್ಲ. 1952ರ ಗಣಿ ಕಾಯಿದೆ ಮತ್ತು ಅದರಡಿಯ ನಿಯಮಗಳು ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯನ್ನು ವಿಧಿಸಿದ್ದವು. ಸಿಲಿಕೋಸಿಸ್ ಅಧಿಸೂಚಿತ ವೃತ್ತಿರೋಗವಾಗಿತ್ತು. ಆದರೆ ಅದೇ ಕಾಯಿದೆಯ ಮೂರನೆಯ ಕಲಮು ಕಟ್ಟಡದ ಕಲ್ಲು ತೆಗೆಯುವ ಸಣ್ಣ ಗಣಿಗಳಿಗೆ ಬಹುಪಾಲು ವಿನಾಯಿತಿಯನ್ನು ನೀಡಿತ್ತು: ಆಳ ಆರು ಮೀಟರು ಮೀರದಿದ್ದರೆ, ಜನ ಐವತ್ತು ದಾಟದಿದ್ದರೆ, ಸ್ಫೋಟಕ ಬಳಸದಿದ್ದರೆ ಕಾಯಿದೆಯ ಹೆಚ್ಚಿನ ಭಾಗ ಅನ್ವಯಿಸುತ್ತಿರಲಿಲ್ಲ. ಧೂಳಿಗೆ ಮೀಟರಿನ ಲೆಕ್ಕ ತಿಳಿಯದು. ಇತ್ತ 1948ರ ಕಾರ್ಖಾನೆ ಕಾಯಿದೆಯ 111ನೆಯ ಕಲಮಿನಲ್ಲಿ, ಸುರಕ್ಷತೆಗೆಂದು ಒದಗಿಸಿದ ಸಾಧನವನ್ನು ಬೇಕೆಂದೇ ಬಳಸದ ಕಾರ್ಮಿಕನಿಗೆ ಸೆರೆವಾಸ ಇಲ್ಲವೇ ದಂಡ ವಿಧಿಸಲು ಅವಕಾಶವಿತ್ತು. ತನ್ನ ಕೆಲಸದಿಂದ ಆರೋಗ್ಯಕ್ಕೆ ಏನಾಗುವುದೆಂಬ ಮಾಹಿತಿಯನ್ನು ಕೇಳುವ ಹಕ್ಕು ಅದೇ ಕಾರ್ಮಿಕನಿಗೆ ಸಿಕ್ಕಿದ್ದು ಭೋಪಾಲ ದುರಂತದ ನಂತರ, 1987ರ ತಿದ್ದುಪಡಿಯಿಂದ. ದಂಡ 1948ರಲ್ಲಿ, ತಿಳಿವಳಿಕೆ 1987ರಲ್ಲಿ: ಈ ಅನುಕ್ರಮವೇ ಹಳೆಯ ಕಾನೂನಿನ ದೋಷವನ್ನು ಹೇಳುತ್ತದೆ. ಈ ಎರಡು ಕಾಯಿದೆಗಳೂ ಸೇರಿ ಹದಿಮೂರು ಕಾಯಿದೆಗಳ ಸ್ಥಾನದಲ್ಲಿ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೊಸ ಸಂಹಿತೆಯ ಬೆಲೆಯನ್ನು ಅಳೆಯಬೇಕಾದದ್ದು ಕೊನೆಯ ಗಣಿಯ ಕೊನೆಯ ಕೂಲಿಕಾರನ ಎಕ್ಸ್‌ರೇ ಚಿತ್ರದಲ್ಲಿ.

ಹಾಗೆಂದು, ಮನುಷ್ಯನ ಸ್ವಂತ ನಡತೆಗೆ ಕಾನೂನು ಎಂದೂ ಕೈಹಾಕಬಾರದೆಂದು ವಾದಿಸುವುದೂ ತಪ್ಪು. ದ್ವಿಚಕ್ರ ವಾಹನ ಸವಾರರು ಹೆಲ್ಮೆಟ್ ಧರಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆ. ಕರ್ನಾಟಕದಲ್ಲಿ ಹಿಂಬದಿಯ ಸವಾರರಿಗೂ ಅದನ್ನು 2016ರ ಜನವರಿಯಲ್ಲಿ ಕಡ್ಡಾಯಗೊಳಿಸಲಾಯಿತು. ಹೆಲ್ಮೆಟ್ಟಿನಿಂದ ಸವಾರನ ದಿನಗೂಲಿ ಕಡಿಮೆಯಾಗುವುದಿಲ್ಲ, ದಾರಿ ಉದ್ದವಾಗುವುದಿಲ್ಲ. ಅದಿಲ್ಲದೆ ತಲೆಯೊಡೆದರೆ ಮಾತ್ರ ಹೆಂಡತಿ ಮಕ್ಕಳು ಬೀದಿಗೆ ಬರುತ್ತಾರೆ. ಭಾರ ಇಷ್ಟು ಹಗುರ, ಲಾಭ ಇಷ್ಟು ಹಿರಿದಾಗಿರುವಲ್ಲಿ ಕಡ್ಡಾಯ ನ್ಯಾಯವೇ. ಆದರೆ ಹೆಲ್ಮೆಟ್ಟಿನ ತರ್ಕವನ್ನು ಹಾಗೆಯೇ ಎತ್ತಿ ಗಣಿಯಲ್ಲಿಟ್ಟರೆ ಅದು ನಿಲ್ಲದು, ಏಕೆಂದರೆ ಅಲ್ಲಿ ಭಾರ ಹಗುರವಲ್ಲ.

ಮಲಪ್ರಭೆಯ ದಂಡೆಯ ಊರುಗಳ ಕಥೆಯೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಪ್ರವಾಹದಲ್ಲಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹೊಳೆಸಾಲು ತತ್ತರಿಸಿತು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತು. ಸರಕಾರ ಎತ್ತರದಲ್ಲಿ ಹೊಸ ಮನೆಗಳನ್ನು ಕಟ್ಟಿಸಿದ ಮೇಲೆಯೂ ಹಳೆಯ ಊರನ್ನು ಬಿಡದವರಿದ್ದಾರೆ. ಅವರನ್ನು ಹಟಮಾರಿಗಳೆಂದು ಕರೆಯುವುದು ಸುಲಭ. ಹೊಲ ಹೊಳೆಯ ಬಳಿ ಇದೆ. ಎತ್ತು, ಎಮ್ಮೆ ಕಟ್ಟಲು ಹೊಸ ಮನೆಯಲ್ಲಿ ಜಾಗ ಸಾಲದು. ಆಲಮಟ್ಟಿ ಹಿನ್ನೀರಿಗೆ ಹಳೆಯ ಪಟ್ಟಣದ ಭಾಗಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಹೋದ ಬಾಗಲಕೋಟೆಯ ಜನರಿಗೆ ಸ್ಥಳಾಂತರದ ಬೆಲೆ ಗೊತ್ತು. ನೀರು ಏರುವ ರಾತ್ರಿ ಜನರನ್ನು ಬಲವಂತದಿಂದಾದರೂ ಎತ್ತಿ ಸಾಗಿಸುವುದು ಸರಕಾರದ ಕರ್ತವ್ಯ. ಅದು ಮಿಲ್ಲನ ಸೇತುವೆ. ಉಳಿದ ದಿನಗಳಲ್ಲಿ ಬೇಕಾದದ್ದು ಜನ ತಾವಾಗಿಯೇ ಹೋಗಬಯಸುವಂತಹ ಊರು.

ಪರಿಸರ ಚಳವಳಿಯೂ ಇಲ್ಲಿ ತನ್ನನ್ನು ತಾನು ಪ್ರಶ್ನಿಸಿಕೊಳ್ಳಬೇಕು. ಗುಡ್ಡ ಉಳಿಯಬೇಕು, ಗಣಿ ನಿಲ್ಲಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಬೆಟ್ಟಗಳು ಉಸಿರಾಡಿದವು. ಆದರೆ ಲೂಟಿಯಲ್ಲಿ ಪಾಲಿಲ್ಲದ ಕೂಲಿಕಾರರೂ ಲಾರಿ ಚಾಲಕರೂ ಕೆಲಸ ಕಳೆದುಕೊಂಡರು. ಅಪಾಯದಿಂದ ಪಾರುಮಾಡಿ ಹಸಿವಿಗೆ ಒಪ್ಪಿಸುವ ರಕ್ಷಣೆಯನ್ನು ಯಾವ ಬಡವನೂ ರಕ್ಷಣೆಯೆಂದು ಒಪ್ಪುವುದಿಲ್ಲ. ಗುಡ್ಡವನ್ನು ಉಳಿಸುವ ಬೇಡಿಕೆಯ ಜೊತೆಯಲ್ಲಿಯೇ ಗುಡ್ಡದಲ್ಲಿ ದುಡಿದವನ ಶ್ವಾಸಕೋಶದ ಬೇಡಿಕೆಯೂ ಇರಬೇಕು.

ಮಲೆನಾಡಿನ ಕೇಳುಗರಿಗೆ ಇದು ದೂರದ ಬಯಲುಸೀಮೆಯ ಮಾತೆನಿಸಬಾರದು. ಮಳೆಗಾಲದಲ್ಲಿ ಜಾರುವ ಅಡಿಕೆ ಮರವನ್ನೇರಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವವನ ಅಪಾಯವನ್ನೂ ಊರು ಅವನದೇ ಎಂದು ಭಾವಿಸುತ್ತದೆ. ಮರ ಯಾರದು, ಫಸಲು ಯಾರದು, ಬಿದ್ದವನ ಸೊಂಟ ಮುರಿದರೆ ಔಷಧದ ಖರ್ಚು ಯಾರದು ಎಂಬ ಪ್ರಶ್ನೆಗಳನ್ನು ತೋಟದಲ್ಲಿಯೂ ಕೇಳಬಹುದು.

ಆದುದರಿಂದ ಕಾನೂನು ಬೇಕೆ ಎಂಬ ಪ್ರಶ್ನೆಗೆ ಉತ್ತರ: ಬೇಕು, ಆದರೆ ಅದು ಸರಿಯಾದ ಅನುಕ್ರಮದಲ್ಲಿ ಬರಬೇಕು. ಮೊದಲು, ಅಪಾಯವನ್ನು ಹುಟ್ಟಿಸಿ ಅದರಿಂದ ಲಾಭ ಪಡೆಯುವವನನ್ನು ಕಟ್ಟಬೇಕು. ನೀರಿಲ್ಲದೆ ಕೊರೆಯುವ ಯಂತ್ರ ಓಡಬಾರದು. ಎರಡನೆಯದಾಗಿ, ದುಡಿಯುವವನಿಗೆ ಅವನ ಭಾಷೆಯಲ್ಲಿ ಸತ್ಯವನ್ನು ತಿಳಿಸಬೇಕು, ಎಕ್ಸ್‌ರೇ ವರದಿ ಅವನ ಕೈಯಲ್ಲಿರಬೇಕು. ಮೂರನೆಯದಾಗಿ, ಕೆಲಸ ಬಿಡಬೇಕಾದವನಿಗೆ ಅನ್ನದ ದಾರಿ ಇರಬೇಕು. ಇವೆಲ್ಲ ಆದ ಮೇಲೆಯೇ ಅವನಿಗೆ ಶಿಸ್ತನ್ನು ವಿಧಿಸುವ ಅಧಿಕಾರ ಸರಕಾರಕ್ಕೆ ಬರುತ್ತದೆ. ಬಾದಾಮಿಯ ಶಿಲಾರೋಹಿಗೆ ತಿಳಿವಳಿಕೆಯೂ ಇದೆ, ಹಿಂದಿರುಗುವ ದಾರಿಯೂ ಇದೆ. ಅವನಿಗೆ ಎಚ್ಚರಿಕೆಯ ಮಾತು ಸಾಕು. ಕಲ್ಲಿನ ಕೂಲಿಕಾರನಿಗೆ ಎರಡೂ ಇಲ್ಲ. ಅವನಿಗೆ ಕಾನೂನು ಬೇಕು.

ಮಾರ್ಗಗಳು ಇಲ್ಲದಿಲ್ಲ. ರಾಜಸ್ಥಾನವು 2019ರಲ್ಲಿ ಧೂಳಿನ ರೋಗಗಳಿಗೆಂದೇ ಒಂದು ನೀತಿಯನ್ನು ರೂಪಿಸಿ, ಸಿಲಿಕೋಸಿಸ್ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ ನೆರವನ್ನು ಗೊತ್ತುಪಡಿಸಿತು. ಗಣಿಯಿಂದ ಬಾಧಿತರಾದವರಿಗಾಗಿ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ಆರೋಗ್ಯವು ಅವುಗಳ ಆದ್ಯತೆಯ ಕ್ಷೇತ್ರ. ಕಲ್ಲಿನ ಕೆಲಸ ಮಾಡಿದವನು ಕೆಮ್ಮುತ್ತ ಆಸ್ಪತ್ರೆಗೆ ಹೋದಾಗ ವೈದ್ಯರು ಅವನ ಕಸುಬನ್ನು ಕೇಳಿ ಬರೆದುಕೊಂಡರೆ, ಸಿಲಿಕೋಸಿಸ್ ಕ್ಷಯವೆಂಬ ಹೆಸರಿನಲ್ಲಿ ಮರೆಯಾಗುವುದು ತಪ್ಪುತ್ತದೆ. ಪರಿಹಾರದ ಬಾಗಿಲು ತೆರೆಯುವುದು ಆ ಒಂದು ಸಾಲಿನಿಂದ. ಗ್ರಾಮಸಭೆಗಳು ತಮ್ಮ ಊರಿನಲ್ಲಿ ಕಲ್ಲಿನ ಕೆಲಸ ಮಾಡಿದವರ, ಮಾಡುತ್ತಿರುವವರ ಪಟ್ಟಿಯನ್ನು ತಯಾರಿಸಿ ತಪಾಸಣಾ ಶಿಬಿರವನ್ನು ಕೇಳಬಹುದು. ವಿದ್ಯಾರ್ಥಿಗಳು ಆ ಪಟ್ಟಿಯನ್ನು ಬರೆಯಲು ನೆರವಾಗಬಹುದು.

ಆ ಪಟ್ಟಿಯಲ್ಲಿ ಮೊದಲ ಹೆಸರು ಬರೆದ ದಿನ ಈ ಸಭೆ ಸಾರ್ಥಕವಾದಂತೆ.