ಮೈಮೇಣದ ಸಾಕ್ಷ್ಯ



ಗೆದ್ದಲಿನ ಪ್ರಭೇದ ಗುರುತಿಸುವವರ ಪೇಚಾಟ ನಿಮಗೆ ಗೊತ್ತೇ ಇದೆ. ಸೈನಿಕ ಹುಳುವಿನ ತಲೆ, ದವಡೆ ಸಿಕ್ಕರೆ ಕೆಲಸ ಸಲೀಸು. ರೈತರು ತಂದ ಡಬ್ಬಿಯಲ್ಲಿ ಬರೀ ಕೆಲಸಗಾರ ಹುಳುಗಳಿದ್ದರೆ ನಮ್ಮ ಪುಸ್ತಕಗಳು ಕೈಚೆಲ್ಲುತ್ತವೆ. ಇಂಥ ಕಡೆ ಹುಳುವಿನ ಹೊರಮೈಗೆ ಲೇಪವಾಗಿರುವ ಮೇಣವನ್ನು ಕೇಳಿ ನೋಡಬಹುದು.

ಮೈಯ ನೀರು ಆರಿಹೋಗದಂತೆ ಕಾಯುವುದು ಆ ಮೇಣದ ಮೊದಲ ಕೆಲಸ. ಅದರಲ್ಲಿರುವ ಹೈಡ್ರೋಕಾರ್ಬನ್‌ಗಳಲ್ಲಿ ಹೆಚ್ಚಿನವು 20ರಿಂದ 40 ಇಂಗಾಲ ಪರಮಾಣುಗಳ ಸರಪಳಿಗಳು. ಕೆಲವು ನೇರ, ಕೆಲವು ಮೀಥೈಲ್ ಕವಲೊಡೆದವು, ಕೆಲವು ದ್ವಿಬಂಧ ಉಳ್ಳವು. ಯಾವುದು ಇದೆ, ಎಷ್ಟಿದೆ ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಹುಳುವನ್ನು ಕೆಲವು ನಿಮಿಷ ಹೆಕ್ಸೇನಿನಲ್ಲಿ ನೆನೆಸಿ ತೆಗೆದು, ಆ ದ್ರಾವಣವನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ ಕೊಟ್ಟರೆ ಆ ಮಿಶ್ರಣವನ್ನು ತೋರಿಸುವ ಏರಿಳಿತದ ಗೆರೆಯೊಂದು ಮೂಡುತ್ತದೆ. ಹುಳುವಿನ ಒಂದು ಕಾಲೂ ಮುರಿಯಬೇಕಿಲ್ಲ.

ಈ ಉಪಾಯ ಸೊಳ್ಳೆಗಳಲ್ಲೂ ಕೆಲಸಕ್ಕೆ ಬಂದಿದೆ. ಆಫ್ರಿಕದ ಅನಾಫಿಲಿಸ್ ಗ್ಯಾಂಬಿಯೆ ಗುಂಪಿನ ಸೊಳ್ಳೆಗಳು ಕಣ್ಣಿಗೆ ಒಂದೇ ಥರ. ಒಂದು ಪ್ರಭೇದ ಮನುಷ್ಯರ ರಕ್ತಕ್ಕೇ ಜೋತುಬಿದ್ದದ್ದು, ಇನ್ನೊಂದು ದನಗಳನ್ನೂ ಕಚ್ಚುವಂಥದ್ದು. ಕಾರ್ಲ್‌ಸನ್ ಮತ್ತು ಸರ್ವೀಸ್ ಎಂಬ ಸಂಶೋಧಕರು 1980ರಲ್ಲಿ ಇವೆರಡನ್ನೂ ಮೈಮೇಣದ ಮೇಲೆ ಬೇರ್ಪಡಿಸಿ ತೋರಿಸಿದರು. ಈಗ ಅದೇ ಕೆಲಸವನ್ನು ಡಿಎನ್‌ಎ ಪರೀಕ್ಷೆ ಮಾಡುತ್ತದೆ. ಹಾಗಾದರೆ ಮೇಣದ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆಯೇ.

ಪಶ್ಚಿಮ ಅಮೆರಿಕದ ಒದ್ದೆಮರದ ಗೆದ್ದಲಿನಲ್ಲಿ ಅದಕ್ಕೆ ಉತ್ತರವಿದೆ. ಜೂಟರ್ಮಾಪ್ಸಿಸ್ ಎಂಬ ಆ ಕುಲದ ಗೂಡುಗಳನ್ನು ಸಂಶೋಧಕ ಹೆವರ್ಟಿ ಮತ್ತು ಸಂಗಡಿಗರು ಮೈಮೇಣದ ಮಾದರಿಯಂತೆ ವಿಂಗಡಿಸಿದರು. ಹೆವರ್ಟಿ ಮತ್ತು ಇನ್ನೊಬ್ಬ ಸಂಶೋಧಕಿ ಥಾರ್ನ್ 1989ರಲ್ಲಿ ಬೇರೆ ಬೇರೆ ಮಾದರಿಯ ಗೂಡುಗಳ ಹುಳುಗಳನ್ನು ಎದುರುಬದುರು ಬಿಟ್ಟು, ಅವುಗಳ ಕಾದಾಟಕ್ಕೂ ಮೇಣದ ವ್ಯತ್ಯಾಸಕ್ಕೂ ನಂಟಿರುವುದನ್ನು ಕಂಡರು. ಈ ಕುಲದ ನೆವಡೆನ್ಸಿಸ್ ಎಂಬ ಪ್ರಭೇದದಲ್ಲಿ ಎರಡು ಉಪಪ್ರಭೇದಗಳನ್ನು ಗುರುತಿಸಿದ್ದೂ ಅವರೇ. ಡಿಎನ್‌ಎಯನ್ನು ನಾವು ಮಾತ್ರ ಓದುತ್ತೇವೆ. ಮೇಣವನ್ನು ಹುಳುಗಳೇ ಮೀಸೆಯಿಂದ ಮುಟ್ಟಿ ಓದುತ್ತವೆ. ನನಗೆ ಈ ವಿದ್ಯೆಯ ಮೇಲೆ ಅಕ್ಕರೆ ಇರುವುದು ಇದಕ್ಕೇ.

ಆದರೂ ಮೇಣದ ಮಾತನ್ನೇ ತೀರ್ಪೆಂದು ಒಪ್ಪಲಾರೆ. ಅರ್ಜೆಂಟೀನಾ ಇರುವೆಗಳಿಗೆ ಒಂದು ಜಾತಿಯ ಜಿರಳೆಯನ್ನು ತಿನ್ನಿಸಿದಾಗ ಜಿರಳೆಯ ಹೈಡ್ರೋಕಾರ್ಬನ್ ಅವುಗಳ ಮೈಗೆ ಹತ್ತಿತು, ಗೂಡಿನ ಒಡನಾಡಿಗಳೇ ಅವುಗಳ ಮೇಲೆ ಬಿದ್ದವು. ಪ್ರಭೇದ ಅದೇ, ಬದಲಾದದ್ದು ಊಟ. ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ನೆಗೆಯುವ ಇರುವೆ, ಹಾರ್ಪೆಗ್ನಾಥಸ್ ಸಾಲ್ಟೇಟರ್‌ನಲ್ಲಿ ಕೆಲಸಗಾರ ಇರುವೆ ಮೊಟ್ಟೆಯಿಡತೊಡಗಿದರೆ ಅದರ ಮೈಮೇಣವೇ ಬೇರೆಯಾಗುತ್ತದೆ. ಇದನ್ನು ಮರೆತು, ಎರಡು ಗೆರೆ ಹೊಂದಲಿಲ್ಲವೆಂದು ಹೊಸ ಪ್ರಭೇದಕ್ಕೆ ನಾಮಕರಣ ಮಾಡುವುದು ಆತುರದ ಕೆಲಸ. ಮೇಣ ಅನುಮಾನ ಹುಟ್ಟಿಸಲಿ. ಆಕಾರ, ಡಿಎನ್‌ಎ, ನಡವಳಿಕೆ ಕೂಡಿ ತೀರ್ಮಾನ ಹೇಳಲಿ.

ಪ್ರಯೋಗಾಲಯಗಳಲ್ಲಿ ಕಣ್ಣಿಗೆ ಬೀಳುವ ಒಂದು ರೂಢಿ ನನಗೆ ಸಮಾಧಾನ ತರುವುದಿಲ್ಲ. ಮೇಣ ತೆಗೆದಾದ ಮೇಲೆ ಹುಳು ಕಸದ ಬುಟ್ಟಿಗೆ, ಗೆರೆ ಕಂಪ್ಯೂಟರಿಗೆ. ನಾಳೆ ಹೆಸರಿನ ಬಗ್ಗೆ ತಕರಾರು ಎದ್ದರೆ ತೆಗೆದು ನೋಡುವುದಕ್ಕೆ ಏನಿರುತ್ತದೆ? ಅದೇ ಹುಳುವನ್ನೂ ಅದೇ ಗೂಡಿನ ಒಬ್ಬ ಸೈನಿಕನನ್ನೂ ಆಲ್ಕೋಹಾಲಿನಲ್ಲಿಡಿ. ಊರು, ತಾರೀಖು, ಆಹಾರ, ಗೂಡಿನಲ್ಲಿ ಅದರ ಕೆಲಸ, ಇಷ್ಟನ್ನೂ ಚೀಟಿಯಲ್ಲಿ ಬರೆದು, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಸಂಗ್ರಹಕ್ಕೆ ಒಪ್ಪಿಸಿ. ಮುಂದಿನ ಸಮ್ಮೇಳನಕ್ಕೆ ಪ್ರಬಂಧ ತರುವವರು ಆ ಚೀಟಿಯ ಸಂಖ್ಯೆಯನ್ನೂ ತನ್ನಿರೆಂದು ಕೇಳಿಕೊಳ್ಳುತ್ತೇನೆ.