ಮುಳ್ಳಿನ ಸಾಕ್ಷಿ

(ನಮ್ಮ ಸಂಘದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೋಟೆಲಿನಿಂದ ಬಂದ ನಮಗೆ ಮೋಟಾರಿನ ಉಸಾಬರಿ ಏಕೆಂದು ಹಿಂದಿನ ಸಾಲಿನಲ್ಲಿ ಆಗಲೇ ಪಿಸುಮಾತು ಕೇಳುತ್ತಿದೆ. ಕಾರಣವಿದೆ. ಚಾಣಕ್ಯಪುರಿಯ ಒಂದು ಬಂಗಲೆಯಲ್ಲಿ ಡ್ರೈವರಾಗಿರುವ ನಮ್ಮ ಸದಸ್ಯರೊಬ್ಬರು, ಹಾಸನದ ಕಡೆಯವರು, ದೀಪಾವಳಿ ಕಳೆದ ಮೇಲೆ ನಮ್ಮ ಬಳಿ ಬಂದರು. ಎರಡು ತಿಂಗಳ ಸಂಬಳದಲ್ಲಿ ತಿಂಗಳಿಗೆ ೧,೮೦೦ ರೂಪಾಯಿಯಂತೆ ಧಣಿಗಳು ಹಿಡಿದುಕೊಂಡಿದ್ದರು. ಪೆಟ್ರೋಲಿನ ಹಣ ತಿಂದನೆಂಬುದು ಆರೋಪ. ಸಾಕ್ಷಿ ಯಾರು? ಡ್ಯಾಶ್‌ಬೋರ್ಡಿನ ಮೇಲಿನ ಒಂದು ಮುಳ್ಳು.

ಗಾಡಿ ೧೯೫೧ರ ಶೆವ್ರೊಲೆ ಪಿಕಪ್. ಆ ಕಂಪನಿಯ ಗಾಡಿಗಳನ್ನು ೧೯೨೮ರಿಂದ ೧೯೫೪ರವರೆಗೆ ಮುಂಬಯಿಯಲ್ಲೇ ಜೋಡಿಸುತ್ತಿದ್ದರು. ಹಿಂದೆ ಸಾಮಾನು ಹೊತ್ತ ಗಾಡಿ ಈಗ ಶೋಕಿಯ ವಸ್ತು. ೨೦೨೧ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಐವತ್ತು ವರುಷ ದಾಟಿದ, ಮೂಲರೂಪ ಕೆಡದ ಗಾಡಿಗೆ ಪ್ರತ್ಯೇಕ ನಂಬರು ಸಿಗುತ್ತದೆ. ಹೊಸದಾಗಿ ಬರೆಸಲು ೨೦,೦೦೦ ರೂಪಾಯಿ. ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲು ತುಂಬಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು. ಅದೇ ಚಾಣಕ್ಯಪುರಿಯ ರೈಲು ವಸ್ತು ಸಂಗ್ರಹಾಲಯದಲ್ಲಿ ೧೯೧೪ರ ಜಾನ್ ಮಾರಿಸ್ ಬೆಂಕಿ ಆರಿಸುವ ಗಾಡಿಯೊಂದಿದೆ. ನಿಜಾಮರ ರೈಲ್ವೆಯವರು ಕೊಂಡದ್ದು, ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿಸಿದವರು. ಅದೂ ಇಂಥ ರ್‍ಯಾಲಿಗಳಿಗೆ ಹೋಗಿ ಬಂದಿದೆ. ಬಿಡುವಾದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿರಿ.

ನಮ್ಮ ಡ್ರೈವರಣ್ಣ ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡಿ ಅರ್ಧ ಗಂಟೆ ಬಿಡಬೇಕು, ತಿಂಗಳಿಗೆರಡು ಸಲ ಬಂಕಿಗೆ ಹೋಗಿ ಬರಬೇಕು. ಹಳೆಯ ಆರು ಸಿಲಿಂಡರಿನ ಇಂಜಿನು, ಲೀಟರಿಗೆ ಐದಾರು ಕಿಲೋಮೀಟರು ಕೊಟ್ಟರೆ ಪುಣ್ಯ. ಅವರು ಚೀಟಿ ಕೊಟ್ಟರೆ ಧಣಿಗಳು ಮೀಟರು ನೋಡುತ್ತಿದ್ದರು. ಮುಳ್ಳು ಸದಾ ‘ಭರ್ತಿ’ ಎನ್ನುವ ಗುರುತಿನಲ್ಲಿ. "ಟ್ಯಾಂಕು ತುಂಬಿದೆಯಲ್ಲ, ಮತ್ತೆ ಯಾವ ಪೆಟ್ರೋಲು?" ಎಂದು ಕೇಳಿದರಂತೆ. ಶಾಂತಿಪಥದಲ್ಲಿ ಗಾಡಿ ಒಂದು ದಿನ ಪೆಟ್ರೋಲಿಲ್ಲದೆ ನಿಂತಿತು. ಮುಳ್ಳು ಆಗಲೂ ಭರ್ತಿ! ಧಣಿಗಳು ಅದನ್ನೂ ಡ್ರೈವರನ ತಲೆಗೇ ಕಟ್ಟಿದರು.

ಬಂಧುಗಳೇ, ನಾವು ಏಳನೆಯ ತರಗತಿಗೆ ಶಾಲೆ ಬಿಟ್ಟು ಲೋಟ ತೊಳೆಯಲು ಸೇರಿದವರು. ಆದರೂ ಮುಳ್ಳಿನ ವಿಚಾರ ನಮಗೆ ಬೇರೆ ರೀತಿಯಲ್ಲಿ ಗೊತ್ತು. ನಾವಿದ್ದ ಒಂದು ಹೋಟೆಲಿನ ಅಡಿಗೆ ಮನೆಯಲ್ಲಿ ಇಡ್ಲಿಗೆ ಹಬೆ ಕೊಡುವ ಬಾಯ್ಲರಿತ್ತು. ಅದರ ಗೇಜಿನ ಗಾಜು ಹೊಗೆ ಹಿಡಿದು, ಮುಳ್ಳು ಸೊನ್ನೆಯ ಹತ್ತಿರ ಕಚ್ಚಿಕೊಂಡಿತ್ತು. ಹಬೆ ಇಳಿಯಿತೆಂದು ನಂಬಿ ಮುಚ್ಚಳ ಸಡಿಲಿಸಿದ ಹುಡುಗನ ಮುಂಗೈ ಬೆಂದಿತು. ರಿಜಿಸ್ಟರಿನಲ್ಲಿ ಬರೆದದ್ದು ‘ಅಜಾಗರೂಕತೆ’. ನಾವೂ ಅಲ್ಲೇ ನಿಂತಿದ್ದೆವು, ಮಾತಾಡಲಿಲ್ಲ. ಹೀಗಾಗಿ ಈ ಡ್ರೈವರಣ್ಣನ ವಿಷಯದಲ್ಲಿ ಮೊದಲು ಮುಳ್ಳನ್ನು ಪರೀಕ್ಷಿಸೋಣವೆಂದು ನಿಶ್ಚಯಿಸಿ, ಕಶ್ಮೀರಿ ಗೇಟಿನಲ್ಲಿ ಹಳೆಯ ಮೀಟರುಗಳನ್ನು ದುರಸ್ತಿ ಮಾಡುವ ಒಬ್ಬ ಉಸ್ತಾದರನ್ನು ಕರೆದುಕೊಂಡು ಹೋದೆವು.

ಉಸ್ತಾದರು ಮಾಡಿದ್ದನ್ನು ಕಂಡಂತೆ ಹೇಳುತ್ತೇವೆ. ಈ ಗಾಡಿಯಲ್ಲಿ ಪೆಟ್ರೋಲು ಟ್ಯಾಂಕು ಸೀಟಿನ ಹಿಂದೆಯೇ ಇದೆ. ಒಳಗೆ ತೇಲುವ ಒಂದು ಗುಂಡು. ಅದು ಏರಿಳಿದಂತೆ ವಿದ್ಯುತ್ತಿಗೆ ಅಡ್ಡಿ ಹೆಚ್ಚು ಕಡಿಮೆಯಾಗುತ್ತದೆ. ಬರಿದಾದಾಗ ಅಡ್ಡಿ ಸೊನ್ನೆ, ತುಂಬಿದಾಗ ಸುಮಾರು ೩೦ ಓಮ್. ಆದುದರಿಂದ ದಾರಿ ಎಲ್ಲಾದರೂ ತುಂಡಾದರೆ ಮೀಟರು ಅದನ್ನು ದೊಡ್ಡ ಅಡ್ಡಿಯೆಂದೇ ತಿಳಿದು ‘ಭರ್ತಿ’ ಎನ್ನುತ್ತದೆ. ತುಂಬಿದ ಟ್ಯಾಂಕಿಗೂ ತುಂಡಾದ ತಂತಿಗೂ ವ್ಯತ್ಯಾಸ ತಿಳಿಯದ ಸಾಕ್ಷಿ ಇದು!

ಕೀಲಿ ಆರಿಸಿ, ಟ್ಯಾಂಕಿನ ತಂತಿ ಬಿಚ್ಚಿ, ಅದನ್ನು ಬಾಡಿಯ ತಗಡಿಗೆ ಕಟ್ಟಿದರು. ಪೆಟ್ರೋಲಿನ ಹತ್ತಿರ ಕಿಡಿ ಹಾರಬಾರದೆಂದು ಆಮೇಲೆಯೇ ಕೀಲಿ ತಿರುಗಿಸಿದರು. ಮುಳ್ಳು ಸರ್ರನೆ ಕೆಳಗೆ ಬಂತು. ಅಂದರೆ ಮೀಟರೂ ಸರಿ, ತಂತಿಯೂ ಸರಿ. ತಂತಿಯನ್ನು ಮತ್ತೆ ಟ್ಯಾಂಕಿಗೇ ಕೊಟ್ಟು, ಟ್ಯಾಂಕಿನ ಮೈಯಿಂದ ಬಾಡಿಗೆ ಇನ್ನೊಂದು ತುಂಡು ತಂತಿ ಎಳೆದರು. ಮುಳ್ಳು ಕಾಲು ಭಾಗದಲ್ಲಿ ಬಂದು ನಿಂತಿತು. ಡ್ರೈವರಣ್ಣ ಹೇಳಿದ್ದೂ ಅಷ್ಟೇ. ಕಳೆದ ವರುಷ ಚೆಂದಕ್ಕೆಂದು ಟ್ಯಾಂಕಿಗೆ ದಪ್ಪ ಬಣ್ಣ ಬಳಿದು, ಪಟ್ಟಿಯ ಕೆಳಗೆ ಹೊಸ ರಬ್ಬರು ಕೊಟ್ಟಿದ್ದರು. ಅರ್ತಿಂಗು ಸಿಗುವ ದಾರಿ ಅಲ್ಲೇ ಮುಚ್ಚಿತ್ತು. ಬಣ್ಣ ಬಳಿಸಿದ್ದು ಯಾರ ಅಪ್ಪಣೆ ಎಂದು ನಾವು ಕೇಳಲಿಲ್ಲ. ಧಣಿಗಳು ಎದುರಿಗೇ ಇದ್ದರು.

ಮಿಕ್ಕ ಮೀಟರುಗಳನ್ನೂ ಉಸ್ತಾದರು ನೋಡಿದರು. ಸ್ಪೀಡೋಮೀಟರಿನ ಕೇಬಲ್ಲು ತುಂಡಾಗಿತ್ತು, ಬದಲಿಸಿದರು. ಆಂಪಿಯರು ಮೀಟರಿಗೆ ಕೈ ಹಾಕುವ ಮುಂಚೆ ಬ್ಯಾಟರಿ ಬಿಚ್ಚಿದರು. ಇದು ಆರು ವೋಲ್ಟಿನ ಗಾಡಿ. ಬೇಗ ಚಾಲೂ ಆಗಲೆಂದು ಹನ್ನೆರಡರ ಬ್ಯಾಟರಿ ಹಾಕಿ ಮೀಟರು ಸುಟ್ಟವರ ಕಥೆ ಬೇಕಾದಷ್ಟಿದೆಯಂತೆ. ಎಣ್ಣೆಯ ಒತ್ತಡದ ಗೇಜು ನಮ್ಮ ಬಾಯ್ಲರಿನದೇ ಜಾತಿ. ಒಳಗೆ ಬಾಗಿದ ಚಪ್ಪಟೆ ಹಿತ್ತಾಳೆ ಕೊಳವೆ. ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಪೀಪಿ ಬಿಚ್ಚಿಕೊಳ್ಳುವಂತೆ ಒತ್ತಡಕ್ಕೆ ಅದು ನೆಟ್ಟಗಾಗಲು ನೋಡುತ್ತದೆ, ಮುಳ್ಳನ್ನು ಎಳೆಯುತ್ತದೆ. ಫ್ರಾನ್ಸಿನ ಬೂರ್ಡಾನ್ ಎಂಬವರು ೧೮೪೯ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ಆ ಹುಡುಗನ ಕೈ ಬೆಂದ ದಿನ ಇಷ್ಟು ನಮಗೆ ಗೊತ್ತಿದ್ದರೆ!

ನೀರಿನ ಬಿಸಿ ತೋರಿಸುವ ಗೇಜು ಮಾತ್ರ ಆ ದಿನ ಆಗಲಿಲ್ಲ. ಅದರಲ್ಲಿ ಕೂದಲಿನಷ್ಟು ಸಣ್ಣ ರಂಧ್ರದ ನಳಿಗೆ, ತುದಿಯ ಬುಡ್ಡಿಯಲ್ಲಿ ಈಥರ್ ಎಂಬ ದ್ರವ. ನಳಿಗೆ ಒಂದು ಕಡೆ ಸೀಳಿದರೆ ಈಥರು ಹಾರಿ ಹೋಗುತ್ತದೆ, ಮುಳ್ಳು ಸತ್ತಂತೆ. ಹೊಸ ಅಗ್ಗದ ಗೇಜಿನ ಬುಡ್ಡಿಯನ್ನು ಐಸು ಮತ್ತು ಉಪ್ಪಿನಲ್ಲಿ ಹೂತು ತಣ್ಣಗಿಟ್ಟು, ನಳಿಗೆ ಕತ್ತರಿಸಿ, ಹಳೆಯ ಗೇಜಿಗೆ ಬೆಸುಗೆ ಹಾಕಬೇಕು. ಈಥರು ೩೫ ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುತ್ತದೆ. ದೆಹಲಿಯ ಮೇ ತಿಂಗಳಿನಲ್ಲಿ ಈ ಕೆಲಸ ಮಾಡುವವನು ಹುಚ್ಚ, ಜನವರಿಯಲ್ಲಿ ಬರುತ್ತೇನೆ ಎಂದರು ಉಸ್ತಾದರು. ಐಸಿನ ವ್ಯವಸ್ಥೆ ಹೋಟೆಲಿನವರಾದ ನಮ್ಮದೇ ಎಂದು ಒಪ್ಪಿಕೊಂಡು ಬಂದೆವು.

ಧಣಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಳ್ಳು ಹಾಗೆ ತೋರಿಸಿದರೆ ನಾನೇನು ಮಾಡಲಿ?" ಎಂದರು. ನಾವು ಹೇಳಿದೆವು: "ಸ್ವಾಮಿ, ಡ್ರೈವರನನ್ನೂ ಒಂದು ಮಾತು ಕೇಳಬಹುದಾಗಿತ್ತು." ೧೯೩೬ರ ವೇತನ ಪಾವತಿ ಕಾಯಿದೆಯಲ್ಲೂ ನಷ್ಟದ ಹಣ ಹಿಡಿಯುವ ಮೊದಲು ನೌಕರನ ಸಮಜಾಯಿಷಿ ಕೇಳಬೇಕೆಂದಿತ್ತು. ಅದು ಹುಟ್ಟಿದ್ದು ಕಾರ್ಖಾನೆ, ರೈಲ್ವೆಗಳವರಿಗಾಗಿ. ಬಂಗಲೆಯ ಡ್ರೈವರನ ಹೆಸರು ಅದರಲ್ಲಿರಲಿಲ್ಲ. ಆದರೂ ನ್ಯಾಯ ಬಂಗಲೆಯ ಗೇಟಿನಲ್ಲಿ ನಿಲ್ಲುತ್ತದೆಯೇ?

ಒಂದು ತಿಂಗಳ ೧,೮೦೦ ರೂಪಾಯಿ ಅಂದೇ ಕೈಗೆ ಬಂತು. ಇನ್ನೊಂದು ತಿಂಗಳದು ಲೆಕ್ಕ ನೋಡಿ ಕೊಡುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಒಂದು ನೋಟುಬುಕ್ಕು ಇಟ್ಟಿದ್ದೇವೆ: ಎಷ್ಟು ಲೀಟರು ಹಾಕಿದ್ದು, ಎಷ್ಟು ಕಿಲೋಮೀಟರು ಓಡಿದ್ದು, ಎಷ್ಟು ಹೊತ್ತು ನಿಂತಲ್ಲೇ ಇಂಜಿನು ನಡೆದದ್ದು. ವಾರಕ್ಕೊಮ್ಮೆ ಧಣಿಗಳ ಗುಮಾಸ್ತರ ಸಹಿ. ಬರುವ ಭಾನುವಾರ ಬಾಕಿ ಹಣ ಕೇಳಲು ಹೋಗುತ್ತೇವೆ. ಬಿಡುವಿದ್ದವರು ಬೆಳಿಗ್ಗೆ ಹತ್ತು ಗಂಟೆಗೆ ಮಲ್ಚಾ ಮಾರ್ಗದ ಮಾರುಕಟ್ಟೆಯ ಹತ್ತಿರ ಸೇರಿರಿ. ಗಲಾಟೆ ಬೇಡ, ನೋಟುಬುಕ್ಕು ನಮ್ಮ ಕೈಯಲ್ಲಿರುತ್ತದೆ.